ಎಂಟು ದಿನದ ಪ್ರವಾಸ ಐದು ದಿನಕ್ಕೆ ಮುಗಿದದ್ದು

ಟೆಂಟಿನಲ್ಲಿ ಮಲಗುವ ಆಸೆ ನನಗೆ ಯಾವತ್ತೂ ಇರಲಿಲ್ಲ. ನನ್ನದು ಐವತ್ತನಾಲ್ಕು ವರ್ಷದ ಬೆನ್ನು. ಸೊಲಿಹಲ್‌ನ ನಮ್ಮ ಮನೆಯ ಚಿಕ್ಕ ರೂಮಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂತು ಸವೆದಿರುವ ಬೆನ್ನು. ಅದಕ್ಕೆ ಹಾಸಿಗೆ ಬೇಕು, ಸುತ್ತ ಗೋಡೆ ಬೇಕು, ನಾಲ್ಕು ಹೆಜ್ಜೆಯೊಳಗೆ ಟಾಯ್ಲೆಟ್ಟು ಬೇಕು. ಆದರೂ ಹೋದ ವರ್ಷ ಜೂನ್ ತಿಂಗಳಲ್ಲಿ ಎಂಟು ದಿನ ರಜೆ ಹಾಕಿ, ಕಾರಿನ ಡಿಕ್ಕಿಗೆ ಟೆಂಟು, ಗ್ಯಾಸ್ ಸ್ಟೌ, ಸಣ್ಣದೊಂದು ಕುಕ್ಕರ್ ತುಂಬಿಕೊಂಡು ಸ್ಕಾಟ್ಲೆಂಡಿನ ಉತ್ತರದ ಬೋಳುಗುಡ್ಡಗಳ ಕಡೆಗೆ ಹೊರಟೆ. ಪಕ್ಕದ ಸೀಟಿನಲ್ಲಿ ನನ್ನ ಷಡ್ಡಕರು.

ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಎಪ್ಪತ್ತೊಂದು ವರ್ಷ. ಲೀಡ್ಸ್‌ನಲ್ಲಿ ಮೂವತ್ತೈದು ವರ್ಷ ರಸ್ತೆ, ಸೇತುವೆಗಳ ಇಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ನಾನು ಅವರನ್ನು ಅಣ್ಣ ಎನ್ನುತ್ತೇನೆ, ನನ್ನ ಹೆಂಡತಿ ಭಾವ ಎನ್ನುತ್ತಾಳೆ. ಅವರಿಗೆ ಮಕ್ಕಳಿಲ್ಲ. ಅತ್ತಿಗೆ ತೀರಿಕೊಂಡು ಆಗ ಒಂದೂಕಾಲು ವರ್ಷವಾಗಿತ್ತು. ಕಾರಿನಲ್ಲಿ ಉತ್ತರದ ತುದಿಯವರೆಗೆ ಹೋಗಬೇಕು, ದಾರಿಯುದ್ದಕ್ಕೂ ಬಯಲಿನಲ್ಲಿ ಮಲಗಬೇಕು ಎಂದು ಗಂಡ ಹೆಂಡತಿ ಇಬ್ಬರೂ ಹತ್ತು ವರ್ಷದಿಂದ ಹೇಳುತ್ತಲೇ ಇದ್ದರು. ನಿವೃತ್ತಿಯಾಗಲಿ ಎಂದರು, ಆಮೇಲೆ ಮಂಡಿ ಆಪರೇಷನ್ ಆಗಲಿ ಎಂದರು. ಹಾಗೆ ಮುಂದಕ್ಕೆ ಹೋಗುತ್ತ ಹೋಗುತ್ತ ಅತ್ತಿಗೆಯೇ ಹೋಗಿಬಿಟ್ಟರು.

ಉಳಿದದ್ದು ಒಂದು ಫೈಲು. ಅದರಲ್ಲಿ ಹದಿನಾಲ್ಕು ಜಾಗಗಳ ಪಟ್ಟಿ. ಒಂದು ಕಾಲಮ್ಮಿನಲ್ಲಿ ಜಾಗ, ಪಕ್ಕದಲ್ಲಿ ಟಾಯ್ಲೆಟ್ಟು ಇದೆಯೋ ಇಲ್ಲವೋ, ಅದರ ಪಕ್ಕ ಬಿಸಿನೀರು, ಅದರ ಪಕ್ಕ ಅಡುಗೆ ಮಾಡಲು ಬಿಡುತ್ತಾರೋ ಇಲ್ಲವೋ. ರೈತರ ಹೊಲದಲ್ಲಿನ ಕ್ಯಾಂಪ್‌ಸೈಟು, ಮರದ ಪಾಡ್, ಗುಡ್ಡದ ನಡುವೆ ಯಾರು ಬೇಕಾದರೂ ಹೊಕ್ಕು ಮಲಗಬಹುದಾದ ಕಲ್ಲಿನ ಗುಡಿಸಲು, ಕೊನೆಗೆ ಏನೂ ಇಲ್ಲದ ಬರೀ ಬಯಲು. ಸ್ಕಾಟ್ಲೆಂಡಿನಲ್ಲಿ ಬಯಲಲ್ಲಿ ಟೆಂಟು ಹಾಕಲು ಕಾನೂನು ಅಡ್ಡಿ ಬರುವುದಿಲ್ಲ ಎಂದು ಕೆಂಪು ಗೆರೆ ಎಳೆದು ಬರೆದಿದ್ದರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಅತ್ತಿಗೆಯ ಅಕ್ಷರ: ‘ಇಲ್ಲಿ ಬೇಡ’, ‘ಇಲ್ಲಿ ಎರಡು ದಿನ’, ‘ಶವರ್ ಚಿಕ್ಕದು, ಆದರೂ ಪರವಾಗಿಲ್ಲ’.

ಈ ಪ್ರವಾಸಕ್ಕೆ ನನ್ನನ್ನು ತಳ್ಳಿದವಳು ನನ್ನ ಹೆಂಡತಿ. ವುಲ್ವರ್‌ಹ್ಯಾಂಪ್ಟನ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಜೂನ್ ತಿಂಗಳ ಡ್ಯೂಟಿ ಪಟ್ಟಿ ಬಂದಾಗಿತ್ತು, ಅವಳಿಗೆ ರಜೆ ಸಿಗುವಂತಿರಲಿಲ್ಲ. ಹಾಗಾಗಿ ನಾನೊಬ್ಬನೇ ಹೋಗಬೇಕು ಎಂದಳು. ಹೋಗುವ ಹಿಂದಿನ ದಿನ ಹುರಿದ ರವೆಯನ್ನು ಡಬ್ಬಿಗೆ ತುಂಬುತ್ತ ನಿಜವಾದ ವಿಷಯಕ್ಕೆ ಬಂದಳು.

“ರೀ, ಭಾವನ್ನ ಇಲ್ಲಿಗೇ ಬಂದು ಇರಿ ಅಂತ ಕರೀರಿ. ಆ ಮನೇಲಿ ಒಬ್ರೇ ಇದ್ದು ಇದ್ದು ಹೆಂಗಾಗಿದಾರೆ ನೋಡಿದ್ರಲ್ಲ.”

“ನೀನೇ ಫೋನ್ ಮಾಡಿ ಕರಿ.”

“ನಾನು ಕರೆದ್ರೆ ಬರಲ್ಲ. ನಾದಿನಿ ಪಾಪ ಅಂತ ಕರೀತಿದಾಳೆ ಅನ್ಕೋತಾರೆ. ಮನೆ ಯಜಮಾನ್ರು ನೀವು. ನೀವು ಕರೆದ್ರೇನೇ ಕರೆದ ಹಾಗೆ.”

ಯಜಮಾನ ಎಂಬ ಈ ಪದವಿ ನನಗೆ ಇಂಥ ಹೊತ್ತಿನಲ್ಲಿ ಮಾತ್ರ ಸಿಗುತ್ತದೆ. ಆಯಿತು ಎಂದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಅವರು ಬರುವುದು ನನಗೆ ಬೇಕಿರಲಿಲ್ಲ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿ ಬೇರೆ ಊರಿಗೆ ಹೋದ ಮೇಲೆ ಆ ಚಿಕ್ಕ ರೂಮು ನನ್ನದಾಗಿತ್ತು. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ನನಗೆ ಬಾಗಿಲು ಹಾಕಿಕೊಳ್ಳಲು ಸಿಕ್ಕ ಮೊದಲ ಜಾಗ ಅದು. ಅವರು ಬಂದರೆ ಅದನ್ನೇ ಕೊಡಬೇಕು. ಅಲ್ಲದೆ ಷಡ್ಡಕರು ಕೆಟ್ಟವರಲ್ಲದಿದ್ದರೂ ಸುಮ್ಮನಿರುವವರಲ್ಲ. ನಮ್ಮ ಮನೆಗೆ ಬಂದರೆ ಮೊದಲು ಬಾಯ್ಲರ್ ನೋಡುತ್ತಾರೆ, ಆಮೇಲೆ ಹಿತ್ತಲಿನ ಬೇಲಿ ನೋಡುತ್ತಾರೆ, ಆಮೇಲೆ ನನ್ನನ್ನು ನೋಡಿ ತಲೆ ಅಲ್ಲಾಡಿಸುತ್ತಾರೆ. ಬೆಳಗ್ಗೆ ಐದೂವರೆಗೆ ಎದ್ದು ಪಾತ್ರೆ ಸದ್ದು ಮಾಡುತ್ತಾರೆ. ದಣಿದಿದ್ದೆ ನಾನು. ಕೆಲಸದಿಂದ, ಮಾತಿನಿಂದ, ಜವಾಬ್ದಾರಿಯಿಂದ. ಇನ್ನೊಬ್ಬರನ್ನು ಸಂಭಾಳಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ ಅನ್ನಿಸುತ್ತಿತ್ತು.

ಹಾಗೆ ಅನ್ನಿಸುವ ಹಕ್ಕು ನನಗಿರಲಿಲ್ಲ ಎಂಬುದೂ ಗೊತ್ತಿತ್ತು. ನಾವು ಈ ದೇಶಕ್ಕೆ ಬಂದಿಳಿದಾಗ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಹೊರಗೆ ಇದೇ ಮನುಷ್ಯ ನಿಂತಿದ್ದರು. ನಾನು ಅದೇ ಊರಿನ ಫಾಲೋಫೀಲ್ಡ್ ಬಡಾವಣೆಯಲ್ಲಿ ವಿದ್ಯಾರ್ಥಿಗಳ ನಡುವೆ ಒಂದು ರೂಮು ನೋಡಿಟ್ಟುಕೊಂಡಿದ್ದೆ, ಅದರ ವಿಳಾಸ ಜೇಬಿನಲ್ಲಿತ್ತು. ಅವರು ಆ ಚೀಟಿಯನ್ನು ಓದಿ ನನ್ನ ಜೇಬಿಗೇ ವಾಪಸ್ ತುರುಕಿ, ನಮ್ಮ ಸೂಟ್‌ಕೇಸುಗಳನ್ನು ತಮ್ಮ ಕಾರಿಗೆ ಹಾಕಿಕೊಂಡರು. ಎಂಟು ತಿಂಗಳು ಅವರ ಮನೆಯಲ್ಲಿದ್ದೆವು. ಬರುತ್ತೀರಾ ಎಂದು ಅವರು ಕೇಳಲೇ ಇಲ್ಲ.

ಲೀಡ್ಸ್‌ನಲ್ಲಿ ಅವರನ್ನು ಹತ್ತಿಸಿಕೊಂಡಾಗ ಬೆಳಗಿನ ಹತ್ತು ಗಂಟೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ದೂರದ ದಾರಿಗೆ ಕಾರು ಓಡಿಸುವುದನ್ನು ಬಿಟ್ಟಿದ್ದರು. ಆದರೆ ಪಕ್ಕದಲ್ಲಿ ಕೂತು ಓಡಿಸುವುದನ್ನು ಬಿಟ್ಟಿರಲಿಲ್ಲ. “ಲೇನ್ ಬಿಡು”, “ಲಾರಿ ಬರ್ತಿದೆ ನೋಡು”, “ಈ ತಿರುವಲ್ಲಿ ರಸ್ತೆಯ ಓರೆ ಸರಿ ಇಲ್ಲ, ನಿಧಾನ”. ಇಡೀ ಇಂಗ್ಲೆಂಡಿನ ರಸ್ತೆಗಳನ್ನು ತಪ್ಪು ತಪ್ಪಾಗಿ ಹಾಕಿದ್ದಾರೆ ಎಂಬುದು ನ್ಯೂಕಾಸಲ್ ದಾಟುವ ಹೊತ್ತಿಗೆ ನನಗೆ ಮನವರಿಕೆಯಾಗಿತ್ತು.

ಮೊದಲ ದಿನ ಉಳಿದದ್ದು ನಾರ್ಥಂಬರ್‌ಲೆಂಡಿನ ಒಂದು ಹೊಲದಲ್ಲಿ. ಟಾಯ್ಲೆಟ್ಟಿತ್ತು, ಬಿಸಿನೀರಿತ್ತು. ಟೆಂಟು ನಿಲ್ಲಿಸಲು ಒಂದೂವರೆ ಗಂಟೆ ಹಿಡಿಯಿತು. ಪಕ್ಕದ ಕ್ಯಾರವಾನಿನ ಇಂಗ್ಲಿಷ್ ದಂಪತಿ ಕುರ್ಚಿ ಹಾಕಿಕೊಂಡು ಕೂತು, ನಮ್ಮ ಒದ್ದಾಟವನ್ನು ಬಹಳ ಮರ್ಯಾದೆಯಿಂದ ನೋಡದ ಹಾಗೆ ನೋಡುತ್ತಿದ್ದರು. ಕೊನೆಯ ಗೂಟ ಹೊಡೆದಾದ ಮೇಲೆ ಆ ಹೆಂಗಸು ಬಂದು, ಟೀ ಮಾಡುತ್ತಿದ್ದೇನೆ, ನಿಮಗೂ ಕೊಡಲಾ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಷಡ್ಡಕರು ಎರಡೂ ಕೈ ಅಲ್ಲಾಡಿಸಿ, ಬೇಡ ಬೇಡ, ನಿಮಗೆ ಯಾಕೆ ತೊಂದರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವಳು ನಕ್ಕು, ಸರಿ ಹಾಗಾದರೆ ಎಂದು ಒಳಗೆ ಹೋದಳು.

ಷಡ್ಡಕರು ಕ್ಯಾರವಾನಿನ ಬಾಗಿಲನ್ನೇ ನೋಡುತ್ತ ಕೂತರು. ಐದು ನಿಮಿಷ ಕಳೆಯಿತು. ಬಾಗಿಲು ತೆರೆಯಲಿಲ್ಲ.

“ಅಣ್ಣ, ಇನ್ನೊಂದ್ ಸಲ ಕೇಳ್ತಾಳೆ ಅಂತ ಕಾಯ್ತಿದೀರಾ?” ಎಂದೆ.

“ಹೌದು ಕಣೋ,” ಎಂದು ಅವರು ನಕ್ಕರು. “ನಲವತ್ತು ವರ್ಷ ಆಯ್ತು ಈ ದೇಶಕ್ಕೆ ಬಂದು. ಇನ್ನೂ ಬುದ್ಧಿ ಬಂದಿಲ್ಲ ನೋಡು.”

ಆಮೇಲೆ ತಾವೇ ಒಂದು ಹಳೆಯ ಕತೆ ಹೇಳಿದರು. ಕೆಲಸಕ್ಕೆ ಸೇರಿ ಆರೇಳು ವರ್ಷವಾಗಿದ್ದಾಗ ಅವರ ಮೇಲಧಿಕಾರಿ ಕರೆದು, ಹೊಸ ಆಫೀಸಿನ ಜವಾಬ್ದಾರಿ ವಹಿಸಿಕೊಳ್ಳುತ್ತೀಯಾ ಎಂದು ಕೇಳಿದರಂತೆ. ಇವರಿಗೆ ಆಸೆಯೋ ಆಸೆ. ಆದರೂ ಬಾಯಿಗೆ ಬಂದದ್ದು, ನನಗಿಂತ ಹಿರಿಯರಿದ್ದಾರೆ, ನನಗ್ಯಾಕೆ ಬಿಡಿ ಎಂಬ ಮಾತು. ಛೆ ಛೆ, ನೀನೇ ಮಾಡಬೇಕು ಎಂದು ಒತ್ತಾಯಿಸುತ್ತಾರೆ ಎಂದುಕೊಂಡಿದ್ದರು. ಮಾರನೆಯ ದಿನ ಆ ಕೆಲಸ ಬೇರೆಯವನಿಗೆ ಹೋಗಿತ್ತು.

“ನಿಮ್ಮತ್ತಿಗೆ ಒಂದು ವಾರ ಮಾತಾಡ್ಲಿಲ್ಲ ನನ್ ಹತ್ರ,” ಎಂದರು. “ಏನ್ ಮಾಡ್ಲಿ ಹೇಳು. ನಮ್ಮನೇಲಿ ಬೆಳೆಸಿದ್ದೇ ಹಾಗೆ. ಕೇಳಿದ ತಕ್ಷಣ ಹೂಂ ಅಂದ್ರೆ ಹಸಿದುಕೊಂಡು ಕಾಯ್ತಾ ಇದ್ದ ಅನ್ಕೋತಾರೆ ಅಂತ ನಮ್ಮಮ್ಮ ಬೈತಿದ್ರು.”

ನಾನೂ ನಕ್ಕೆ. ನಮ್ಮ ಮನೆಯಲ್ಲೂ ಬೆಳೆಸಿದ್ದು ಹಾಗೆಯೇ. ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಇಟ್ಟು ಬೇಡ ಎನ್ನಬೇಕು, ಅವರು ಕೈಯ ಸಂದಿಯಲ್ಲೇ ಬಡಿಸಬೇಕು, ನಾವು ಅಯ್ಯೋ ಇಷ್ಟೊಂದಾ ಎಂದು ಅದನ್ನು ಪೂರ್ತಿ ತಿನ್ನಬೇಕು. ಷಡ್ಡಕರು ಬಡಿಸುವುದರಲ್ಲೂ ಅದೇ ಪೈಕಿ. ಅವತ್ತು ಕುಕ್ಕರಿನಲ್ಲಿ ಬಿಸಿಬೇಳೆ ಅನ್ನ ಮಾಡಿದ್ದರು. ನಾನು ಸಾಕು ಎಂದರೆ ಅವರಿಗೆ ಕೇಳಿಸುವುದೇ ಇಲ್ಲ. ಮೂರು ಸಲ ಸಾಕು ಎಂದ ಮೇಲೂ ಒಂದು ಸೌಟು ಬಿತ್ತು.

ಎರಡನೆಯ ದಿನ ಗಡಿ ದಾಟಿ, ಎಡಿನ್‌ಬರೋ ಬಳಸಿಕೊಂಡು, ಇನ್ವರ್ನೆಸ್‌ನಿಂದಾಚೆ ಹೋಗುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು. ಅವತ್ತಿನ ಜಾಗ ಪಾಡ್. ಮರದ ಪೀಪಾಯಿಯನ್ನು ಅಡ್ಡ ಮಲಗಿಸಿ ಬಾಗಿಲು ಇಟ್ಟ ಹಾಗಿರುತ್ತದೆ, ಒಳಗೆ ಎರಡು ಮಂಚ, ಒಂದು ಹೀಟರ್. ಒಳಗೆ ಅಡುಗೆ ಮಾಡುವಂತಿಲ್ಲ. ಹೊರಗೆ ಮಳೆ. ಮಳೆಯಲ್ಲಿ ನಾನು ಛತ್ರಿ ಹಿಡಿದುಕೊಂಡು ನಿಂತೆ, ಷಡ್ಡಕರು ಅದರಡಿ ಕುಕ್ಕರುಗಾಲಿನಲ್ಲಿ ಕೂತು ಸಾರಿಗೆ ಒಗ್ಗರಣೆ ಹಾಕಿದರು. ಇಂಗಿನ ವಾಸನೆಗೆ ಆಚೆಯ ಪಾಡ್‌ನ ನಾಯಿ ಬೊಗಳತೊಡಗಿತು. ಇಷ್ಟು ದೂರ ಬಂದು ಈ ಪಾಡು ಯಾಕೆ ಎಂದು ನಾನು ಗೊಣಗಿದೆ. ಅವರು ಫೈಲು ತೆಗೆದು ಅತ್ತಿಗೆಯ ಅಕ್ಷರ ತೋರಿಸಿದರು. ‘ಮಳೆ ಬಂದರೆ ಇದೇ ವಾಸಿ’ ಎಂದಿತ್ತು. ನಾನು ಮತ್ತೆ ಗೊಣಗಲಿಲ್ಲ.

ಊಟ ಮಾಡುತ್ತ ಅವರು, ಏನೋ ಸುಮ್ಮನೆ ಕೇಳುವವರ ಹಾಗೆ, “ನಮ್ಮ ಬಸ್ ಪಾಸು ಸೊಲಿಹಲ್‌ನಲ್ಲೂ ನಡೆಯುತ್ತೆ ಅಲ್ವಾ?” ಎಂದರು.

“ಇಂಗ್ಲೆಂಡಲ್ಲಿ ಎಲ್ಲಾ ಕಡೆ ನಡೆಯುತ್ತೆ ಅಣ್ಣ.”

“ನಿಮ್ಮ ಕಡೆ ಜಿಪಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತಾ?”

“ಎಲ್ಲಿ ಸಿಗುತ್ತೆ. ಬೆಳಗ್ಗೆ ಎಂಟಕ್ಕೆ ಫೋನ್ ಹಿಡ್ಕೊಂಡು ಕೂತ್ಕೋಬೇಕು.”

“ಅಲ್ಲೂ ಹಾಗೇನಾ.” ಅನ್ನ ಕಲೆಸುತ್ತ, “ನಿನ್ನ ಆ ಚಿಕ್ಕ ರೂಮು ಪೂರ್ವಕ್ಕಿದೆ ಅಲ್ವಾ? ಬೆಳಗ್ಗೆ ಬಿಸಿಲು ಬರುತ್ತೆ ಅನ್ಸುತ್ತೆ,” ಎಂದರು.

ಬರುತ್ತದೆ ಎಂದೆ. ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಮಾತಿನಲ್ಲೇ ಅವರು ನಮ್ಮ ಮನೆ ಬಾಗಿಲ ತನಕ ಬಂದು ನಿಂತಿದ್ದರು. ನಾನು ಸುಸ್ತಾಗಿದೆ ಎಂದು ಹೇಳಿ ಮಂಚ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿದೆ.

ಮೂರನೆಯ ದಿನದ ದಾರಿ ಒಂದೇ ಕಾರು ಹಿಡಿಸುವಷ್ಟು ಕಿರಿದು. ಎದುರಿಗೆ ಯಾರಾದರೂ ಬಂದರೆ ಅಲ್ಲಲ್ಲಿ ಬಿಟ್ಟಿರುವ ಅಗಲದ ಜಾಗಕ್ಕೆ ಸರಿದು ನಿಲ್ಲಬೇಕು, ಅವರು ಕೈ ಎತ್ತುತ್ತಾರೆ, ನಾವೂ ಎತ್ತಬೇಕು. ಗಂಟೆಗೊಂದು ಮನೆ ಕಂಡರೆ ಹೆಚ್ಚು. ಮರವಿಲ್ಲ. ಕಂದು ಬಣ್ಣದ ಗುಡ್ಡ, ನೀರು, ಮತ್ತೆ ಗುಡ್ಡ, ಮತ್ತೆ ನೀರು. ಚೆನ್ನಾಗಿತ್ತು ಎಂದು ಹೇಳಬೇಕು, ಚೆನ್ನಾಗಿಯೇ ಇತ್ತು, ಆದರೆ ದಣಿದ ಕಣ್ಣಿಗೆ ಮೂರು ಗಂಟೆಯಾದ ಮೇಲೆ ಎಲ್ಲ ಗುಡ್ಡವೂ ಒಂದೇ. ಷಡ್ಡಕರು ಮಾತ್ರ ಮೊದಲ ಸಲ ರಸ್ತೆಯ ತಪ್ಪು ಹುಡುಕದೆ ಕಿಟಕಿಗೆ ಮುಖ ಇಟ್ಟು ಕೂತಿದ್ದರು.

ಮಧ್ಯಾಹ್ನ ಕಾರು ನಿಲ್ಲಿಸಿ, ಕೆಸರು ತುಳಿದುಕೊಂಡು ಎರಡು ಮೈಲಿ ನಡೆದು, ಫೈಲಿನಲ್ಲಿದ್ದ ಕಲ್ಲಿನ ಗುಡಿಸಲಿಗೆ ಹೋದೆವು. ಹಳೆಯ ಕುರಿಗಾಹಿಯ ಮನೆಯಂತೆ. ಬೀಗವಿಲ್ಲ, ಕಾವಲಿಲ್ಲ, ಬಾಡಿಗೆಯಿಲ್ಲ. ಬಾಗಿಲು ತಳ್ಳಿದರೆ ತೆರೆದುಕೊಳ್ಳುತ್ತದೆ. ಒಳಗೆ ಹಲಗೆಯ ಅಟ್ಟಣೆ, ಒಂದು ಒಲೆ, ಯಾರೋ ಮುಂದೆ ಬರುವವರಿಗಾಗಿ ಬಿಟ್ಟುಹೋದ ಒಣ ಕಟ್ಟಿಗೆ. ಷಡ್ಡಕರು ಹಲಗೆಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತ ಸುತ್ತ ನೋಡಿದರು.

“ಎಷ್ಟು ಚೆನ್ನಾಗಿದೆ ನೋಡು. ಯಾರನ್ನೂ ಕೇಳ್ಬೇಕಾಗಿಲ್ಲ, ಯಾರೂ ಕರೀಬೇಕಾಗಿಲ್ಲ. ಬಂದ್ರೆ ಬಂದೆ, ಅಷ್ಟೇ. ಇಲ್ಲೇ ಉಳ್ಕೊಳ್ಳೋಣ್ವಾ?”

ಟಾಯ್ಲೆಟ್ಟು ಇರಲಿಲ್ಲ. ಗೋಡೆಗೆ ಒಂದು ಗುದ್ದಲಿ ಒರಗಿಸಿಟ್ಟಿದ್ದರು, ಅದನ್ನು ಹಿಡಿದುಕೊಂಡು ಹೊರಗೆ ಹೋಗಬೇಕು. ನೆಲ ತಣ್ಣಗಿತ್ತು. ನನ್ನ ಬೆನ್ನಿಗೆ ಆಗುವುದಿಲ್ಲ ಎಂದೆ. ಅವರು ಒತ್ತಾಯಿಸದೆ ಎದ್ದರು, ಹೊರಡುವ ಮುಂಚೆ ಕಟ್ಟಿಗೆಯನ್ನು ಒಂದೇ ಸಮ ಜೋಡಿಸಿ ಬಾಗಿಲು ಎಳೆದುಕೊಂಡರು. ವಾಪಸ್ ನಡೆಯುವಾಗ ಎರಡು ಸಲ ಕೂತು ಸುಧಾರಿಸಿಕೊಂಡರು. ಅವರಿಗೆ ವಯಸ್ಸಾಗಿದೆ ಎಂಬುದು ನನಗೆ ಆಗ ನಿಜವಾಗಿ ಕಂಡಿತು, ಕರುಣೆ ಬಂತು, ಕರುಣೆಯ ಹಿಂದೆಯೇ ಭಯವೂ ಬಂತು. ಇವರು ನಮ್ಮ ಮನೆಗೆ ಬಂದರೆ ಇನ್ನು ಹತ್ತು ಹದಿನೈದು ವರ್ಷ. ನನ್ನ ನಿವೃತ್ತಿಯೆಲ್ಲ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದರಲ್ಲೇ ಕಳೆಯುತ್ತದೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ಹಾಕುತ್ತಲೇ ಅವರ ತೋಳು ಹಿಡಿದು ಹಳ್ಳ ದಾಟಿಸಿದೆ.

ಆ ಸಂಜೆ ಟೆಂಟು ಹಾಕಿದ್ದು ಒಂದು ಸರೋವರದ ದಡದಲ್ಲಿ, ಬರೀ ಬಯಲಿನಲ್ಲಿ. ಗಾಳಿ ನಿಂತ ಕೂಡಲೇ ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಿವಿ, ಮೂಗು, ರೆಪ್ಪೆ ಎಲ್ಲ ಕಡೆ ಮುತ್ತಿಕೊಂಡವು. ನಾನು ಟೆಂಟಿನ ಜಿಪ್ ಎಳೆದುಕೊಂಡು ಒಳಗೆ ಬಿದ್ದುಕೊಂಡೆ. ಹೊಟ್ಟೆಗೆ ಬ್ರೆಡ್ಡು, ಚಟ್ನಿಪುಡಿ.

ನಾಲ್ಕನೆಯ ದಿನ ಬೆಳಗ್ಗೆ ಗಾಳಿ ಇತ್ತು, ನುಸಿ ಇರಲಿಲ್ಲ. ಏಳು ಗಂಟೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ನಾನು ಎದ್ದು ಹೊರಗೆ ಬಂದಾಗ ಷಡ್ಡಕರು ಆಗಲೇ ಸರೋವರದ ತಣ್ಣೀರಿನಲ್ಲಿ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಹೆಂಡತಿಯ ಮೆಸೇಜು ಹಿಂದಿನ ಮಧ್ಯಾಹ್ನವೇ ಬಂದಿತ್ತು: ‘ಕೇಳಿದ್ರಾ?’ ನೆಟ್‌ವರ್ಕ್ ಇಲ್ಲದ ನೆಪ ಎಷ್ಟು ದಿನ ನಡೆಯುತ್ತದೆ. ಕೇಳಿ ಮುಗಿಸಿಬಿಡೋಣ ಅನ್ನಿಸಿತು.

“ಅಣ್ಣ,” ಎಂದೆ, ಶೂ ಲೇಸ್ ಕಟ್ಟಿಕೊಳ್ಳುತ್ತ. “ನೀವು ಬೇಕಾದ್ರೆ ನಮ್ಮನೇಲೇ ಬಂದು ಇರಬಹುದು. ಅವಳೂ ಹೇಳ್ತಿದ್ಳು.”

ಇದು ಕರೆಯುವ ರೀತಿಯೇ ಅಲ್ಲ. ‘ಬೇಕಾದ್ರೆ’ ಎಂದೆ, ‘ಅವಳು’ ಎಂದೆ, ಅವರ ಮುಖವನ್ನೂ ನೋಡಲಿಲ್ಲ. ಆದರೂ ಈರುಳ್ಳಿ ಹೆಚ್ಚುತ್ತಿದ್ದ ಅವರ ಕೈ ನಿಂತಿತು.

“ಅಯ್ಯೋ ಬೇಡ ಬಿಡಪ್ಪ,” ಎಂದರು. “ನಿಮಗ್ಯಾಕೆ ತೊಂದರೆ. ನಾನು ಲೀಡ್ಸಲ್ಲಿ ಆರಾಮಾಗೇ ಇದೀನಿ.”

ಹೇಳಿ, ಚಾಕುವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು. ಮತ್ತೆ ಹೆಚ್ಚಲು ಶುರುಮಾಡಲಿಲ್ಲ. ಸ್ಟೌ ಮೇಲಿನ ನೀರಿನ ಕಡೆ ನೋಡುತ್ತಿದ್ದರು. ಅವರು ಯಾವುದಕ್ಕಾಗಿ ಕಾಯುತ್ತಿದ್ದಾರೆ ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ನಾನೂ ಅವರ ಊರಿನ ಕಡೆಯವನೇ, ಅಂಥದೇ ತಾಯಿಯ ಕೈಯಲ್ಲಿ ಬೆಳೆದವನು. ಅವರ ಬಾಯಲ್ಲಿ ಬೇಡ ಎಂಬ ಮಾತಿನ ಬೆಲೆ ಏನು ಎಂಬುದನ್ನು ಅವರೇ ಮೂರು ದಿನದ ಹಿಂದೆ ನಗುತ್ತ ಹೇಳಿದ್ದರು. ‘ತೊಂದರೆ ಏನು ಬಂತು ಅಣ್ಣ, ಸುಮ್ನೆ ಬನ್ನಿ’ ಎಂದು ಒಂದು ಮಾತು ಹೇಳಿದ್ದರೆ ಇನ್ನೊಂದು ಸಲ ಬೇಡ ಎನ್ನುತ್ತಿದ್ದರು. ಮೂರನೆಯ ಸಲ, ‘ಹಾಗಂತೀಯಾ?’ ಎನ್ನುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು.

ನೀರು ಕುದಿಯಲು ಶುರುವಾಯಿತು. ನಾನು ಎರಡನೆಯ ಶೂ ಲೇಸನ್ನೂ ಕಟ್ಟಿದೆ.

“ಸರಿ ಅಣ್ಣ. ನಿಮ್ಮಿಷ್ಟ,” ಎಂದೆ.

ಒಂದು ಕ್ಷಣ ಅವರು ನನ್ನನ್ನು ನೋಡಿದರು. ಬೈಯುವ ನೋಟವಲ್ಲ, ಕೇಳಿಸಿತೋ ಇಲ್ಲವೋ ಎಂದು ಅನುಮಾನವಾದವರ ನೋಟ. ಆಮೇಲೆ, “ಹೂಂ, ಹೂಂ,” ಎಂದು ಈರುಳ್ಳಿಯನ್ನು ಬಾಣಲೆಗೆ ಹಾಕಿದರು.

ಉಪ್ಪಿಟ್ಟು ಚೆನ್ನಾಗಿ ಆಗಿತ್ತು. ಒಂದು ಸೌಟು ಹಾಕಿದರು, ತಿಂದೆ. ಇನ್ನೊಂದು ಸೌಟು ತೆಗೆದುಕೊಂಡು ಬಂದರು. ನಾನು ಎಂದಿನ ಹಾಗೆ ಸಾಕು ಎಂದೆ. ಅವರು ಸೌಟನ್ನು ವಾಪಸ್ ಬಾಣಲೆಗೆ ಇಟ್ಟರು. ನನಗೆ ಹಸಿವಿತ್ತು.

ತಿಂಡಿಯಾದ ಮೇಲೆ ಅವರು ಫೈಲು ತೆರೆಯಲಿಲ್ಲ. ಉತ್ತರದ ತುದಿಗೆ ಇನ್ನೂ ಒಂದು ದಿನದ ದಾರಿ ಇತ್ತು, ಪಟ್ಟಿಯಲ್ಲಿ ಇನ್ನೂ ಹತ್ತು ಜಾಗ ಉಳಿದಿದ್ದವು. ನಾನೇ ಕೇಳಿದೆ, ಇವತ್ತು ಎಲ್ಲಿಗೆ ಎಂದು.

“ವಾಪಸ್ ಹೋಗೋಣಪ್ಪ. ನಿನಗೂ ಬೆನ್ನು ನೋವು. ಸಾಕು ನೋಡಿದ್ದು.”

ಇದಕ್ಕೂ ನಾನು ಒತ್ತಾಯಿಸಬಹುದಿತ್ತು. ಇಷ್ಟು ದೂರ ಬಂದು ತುದಿ ನೋಡದೆ ಹೋಗುವುದೇ, ಅತ್ತಿಗೆ ಏನಂದುಕೊಂಡಾರು ಎನ್ನಬಹುದಿತ್ತು. ನಾನು ಟೆಂಟಿನ ಗೂಟ ಕೀಳಲು ಹೋದೆ. ನಿಜ ಹೇಳಬೇಕೆಂದರೆ ನನಗೆ ಹಗುರವಾಗಿತ್ತು. ಕೇಳಿದ್ದಾಯಿತು, ಅವರು ಬೇಡ ಎಂದದ್ದಾಯಿತು, ನನ್ನ ರೂಮು ನನ್ನದಾಗಿಯೇ ಉಳಿಯಿತು. ಈ ದೇಶದಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ, ಅದನ್ನು ಗೌರವಿಸುವುದೇ ಸಭ್ಯತೆ ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತೈದು ವರ್ಷದಲ್ಲಿ ಇಂಗ್ಲಿಷರಿಂದ ನಾನು ಕಲಿತ ಸಭ್ಯತೆಯನ್ನೆಲ್ಲ ಆ ಒಂದು ಬೆಳಗ್ಗೆ ಉಪಯೋಗಿಸಿದೆ.

ಹಗುರ ಎನ್ನುವುದು ಇನ್ವರ್ನೆಸ್ ತನಕವೂ ಉಳಿಯಲಿಲ್ಲ. ಷಡ್ಡಕರು ನನ್ನ ಡ್ರೈವಿಂಗಿಗೆ ಒಂದೂ ಮಾತು ಹೇಳಲಿಲ್ಲ. ಲಾರಿ ಬಂದಾಗಲೂ ಸುಮ್ಮನಿದ್ದರು. ಬಸ್ ಪಾಸು, ಜಿಪಿ, ಬಿಸಿಲು ಯಾವುದರ ಸುದ್ದಿಯೂ ಬರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಕೇಳೋಣ ಅಂದುಕೊಂಡೆ. ಗಡಿಯ ಹತ್ತಿರ ಹೈವೇ ಪಕ್ಕದ ಮೋಟೆಲಿನಲ್ಲಿ, ಒಂದು ರೂಮಿನಲ್ಲಿ ಎರಡು ಮಂಚದ ಮೇಲೆ ಕೂತು ಚಿಪ್ಸ್ ತಿನ್ನುವಾಗ ಕೇಳೋಣ ಅಂದುಕೊಂಡೆ. ಎರಡು ಕಡೆಯೂ ಕೇಳಲಿಲ್ಲ. ಎರಡನೆಯ ಸಲ ಕೇಳಿದರೆ ಮೊದಲನೆಯ ಸಲ ನಾನು ಏನು ಮಾಡಿದೆ ಎಂಬುದು ಇಬ್ಬರಿಗೂ ಬಯಲಾಗುತ್ತದೆ ಎಂದು ಅಂಜಿದೆ.

ಐದನೆಯ ದಿನ ಮಧ್ಯಾಹ್ನ ಲೀಡ್ಸ್‌ನಲ್ಲಿ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಅವರ ಚೀಲವನ್ನು ನಾನೇ ಒಳಗಿಟ್ಟೆ. ಮನೆ ತಣ್ಣಗಿತ್ತು, ಹಜಾರದಲ್ಲಿ ಐದು ದಿನದ ಟಪಾಲು ಬಿದ್ದಿತ್ತು.

“ಬಹಳ ತೊಂದರೆ ತಗೊಂಡೆ ನನಗೋಸ್ಕರ,” ಎಂದರು. “ನಿಮ್ಮತ್ತಿಗೆ ಆಸೆ ಅರ್ಧ ಆದ್ರೂ ಆಯ್ತು.”

“ಏನ್ ತೊಂದರೆ ಅಣ್ಣ,” ಎಂದೆ. ಆ ಮಾತು ಆಗ ಎಷ್ಟು ಸುಲಭವಾಗಿ ಬಾಯಿಗೆ ಬಂತು! ಅವರು ಬಾಗಿಲಲ್ಲಿ ನಿಂತು ಕೈ ಬೀಸಿದರು. ನಾನು ಮೋಟರ್‌ವೇ ಹಿಡಿದೆ.

ಸೊಲಿಹಲ್ ಮುಟ್ಟಿದಾಗ ಹೆಂಡತಿ ಡ್ಯೂಟಿ ಮುಗಿಸಿ ಬಂದಿದ್ದಳು. ಇನ್ನೂ ಯೂನಿಫಾರ್ಮಿನಲ್ಲೇ ಇದ್ದಳು.

“ಎಂಟು ದಿನ ಅಂದ್ರಿ, ಐದೇ ದಿನಕ್ಕೆ ಬಂದ್ರಿ?”

“ಅಣ್ಣಂಗೆ ಸುಸ್ತಾಯ್ತು.”

“ಕೇಳಿದ್ರಾ?”

“ಕೇಳಿದೆ. ಬೇಡ ಅಂದ್ರು.”

ಅವಳು ನನ್ನ ಮುಖ ನೋಡಿದಳು. ಎಷ್ಟಾದರೂ ಅವಳೂ ನಮ್ಮ ಊರಿನ ಕಡೆಯವಳೇ.

“ಎಷ್ಟ್ ಸಲ ಕರೆದ್ರಿ?”

ಈ ಪ್ರಶ್ನೆ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಅಂದುಕೊಳ್ಳಬೇಕಿತ್ತು.

“ಮೂರು ಸಲ,” ಎಂದೆ.

ಅವಳು ಮೆಟ್ಟಿಲ ಮೇಲೆ ಕೂತಳು. “ಮೂರ್ ಸಲ ಕರೆದ್ರೂ ಬೇಡ ಅಂದ್ರಾ,” ಎಂದು ತನಗೆ ತಾನೇ ಹೇಳಿಕೊಂಡಳು. ಕಣ್ಣು ಒರೆಸಿಕೊಂಡಳು. “ಹಾಗಾದ್ರೆ ನಿಜವಾಗ್ಲೂ ಬೇಡ. ಅಕ್ಕ ಇದ್ದ ಮನೆ ಬಿಟ್ಟು ಬರೋಕೆ ಮನಸ್ಸಾಗಲ್ಲ, ಪಾಪ. ಇನ್ ಬಲವಂತ ಮಾಡಬಾರದು.”

ಮುಂದಿನ ಭಾನುವಾರ ಅವಳು ಎಂದಿನಂತೆ ಲೀಡ್ಸ್‌ಗೆ ಫೋನ್ ಮಾಡಿದಳು. ಕೈಯಲ್ಲಿ ಚಪಾತಿ ಹಿಟ್ಟು ಇದ್ದದ್ದರಿಂದ ಸ್ಪೀಕರ್ ಹಾಕಿದ್ದಳು. ನಾನು ಅದೇ ಮೇಜಿನ ಆಚೆ ಬದಿಯಲ್ಲಿ ಬೀನ್ಸ್ ಬಿಡಿಸುತ್ತ ಕೂತಿದ್ದೆ. ಊಟ ಆಯಿತಾ, ಮಂಡಿ ಹೇಗಿದೆ ಎಂಬುದೆಲ್ಲ ಮುಗಿಯಿತು. ಆಮೇಲೆ ಅವಳು ಇದ್ದಕ್ಕಿದ್ದಂತೆ ಕೇಳಿಯೇಬಿಟ್ಟಳು.

“ಭಾವ, ನನಗೆ ಬೇಜಾರಾಗಿದೆ ನಿಮ್ ಮೇಲೆ. ಇವರು ಮೂರ್ ಮೂರ್ ಸಲ ಕರೆದ್ರಂತೆ, ನೀವೇ ಒಪ್ಲಿಲ್ವಂತೆ?”

ಅವರ ಅಡುಗೆಮನೆಯ ರೇಡಿಯೋ ಸಣ್ಣಗೆ ಕೇಳುತ್ತಿತ್ತು. ನನ್ನ ಕೈ ಬೀನ್ಸಿನ ಮೇಲೆ ಹಾಗೇ ನಿಂತಿತು. ಅವರು ನಿಜ ಹೇಳಿದರೆ ಹೇಳಲಿ, ಹೇಳಿಬಿಡಲಿ ಎಂದು ನಾನು ಆ ಕ್ಷಣ ಮನಸಾರೆ ಬಯಸಿದೆ.

“ಹೌದಮ್ಮ,” ಎಂದರು ಷಡ್ಡಕರು. “ಮೂರ್ ಸಲ ಕರೆದ. ನಾನೇ ಬೇಡ ಅಂದೆ. ಅವನನ್ನ ಏನೂ ಅನ್ಬೇಡ.”

ಹೆಂಡತಿ ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡು, ಹುಷಾರಾಗಿರಿ ಭಾವ ಎಂದು ಫೋನ್ ಇಟ್ಟಳು. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ನಾನೂ ಎತ್ತಿಲ್ಲ. ಅವರು ಲೀಡ್ಸ್‌ನಲ್ಲೇ ಇದ್ದಾರೆ.